ಒಂದೇ ಕೌಂಟರ್, ಎರಡೇ ಎಟಿಎಂ ಇರೋ ರೆಸಾರ್ಟ್ ಊರು: ದುಡ್ಡು ಎಲ್ಲಿ ಬದಲಾಯಿಸೋದು?

ಮೂಟೆಕಟ್ಟು:
ವಿದೇಶದ ಸಣ್ಣ ಕಡಲತೀರದ ಊರಲ್ಲಿ 6 ದಿನ ಇರಬೇಕು. ಮ್ಯಾಪಲ್ಲಿ ಹುಡುಕಿದರೆ ಊರಿಗೆಲ್ಲ ಎರಡು ಎಟಿಎಂ, ಒಂದು ಮನಿ ಎಕ್ಸ್‌ಚೇಂಜ್ ಕಾಣುತ್ತೆ. ವಿಮಾನ ಇಳಿಯೋದು ದೊಡ್ಡ ನಗರದಲ್ಲಿ, ಅಲ್ಲಿಂದ ಬಸ್ಸಲ್ಲಿ 4 ಗಂಟೆ. ನಮ್ಮ ಕರೆನ್ಸಿ ಅಲ್ಲಿ ಯಾರೂ ತಗೊಳ್ಳಲ್ಲ, ಅದಕ್ಕೆ ಡಾಲರ್ ಒಯ್ಯೋ ಯೋಚನೆ. ಹೊರಡೋ ಮುಂಚೆ, ಏರ್‌ಪೋರ್ಟ್, ನಗರ, ಆ ಊರು: ಇದರಲ್ಲಿ ಎಲ್ಲಿ ಬದಲಾಯಿಸೋದು ಸರಿ? ನಗದು ಎಷ್ಟಿರಬೇಕು? "ನೋ ಕಮಿಷನ್" ಬೋರ್ಡ್ ನಂಬಬಹುದಾ?

ಲೆಕ್ಕಪಕ್ಕಾ:
ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಮಿಕ್ಕಿದ್ದು ಅದರಿಂದಲೇ ಅರ್ಥವಾಗುತ್ತದೆ. "ನೋ ಕಮಿಷನ್" ಸುಳ್ಳಲ್ಲ, ಆದರೆ ಅದರಿಂದ ನಿಮಗೆ ಲಾಭವೂ ಇಲ್ಲ. ಕಮಿಷನ್ ದರದ ಒಳಗೇ ಕೂತಿರುತ್ತದೆ.

ಬೋರ್ಡಿನಲ್ಲಿ ಎರಡು ಕಾಲಂ ಇರುತ್ತವೆ: "ವಿ ಬೈ", "ವಿ ಸೆಲ್". ಎರಡೂ ಅಂಗಡಿಯವರ ಮಾತು. ನೀವು ಡಾಲರ್ ಕೊಟ್ಟಾಗ ಅದನ್ನು ಕೊಳ್ಳುವವರು ಅವರು, ಹಾಗಾಗಿ ನಿಮಗೆ ಅನ್ವಯವಾಗೋದು ಬೈ ಕಾಲಂ, ಅಂದರೆ ಚಿಕ್ಕ ಅಂಕಿ. ಎಷ್ಟೋ ಕಡೆ ಬೀದಿಗೆ ಕಾಣುವಂತೆ ದಪ್ಪಕ್ಷರದಲ್ಲಿ ಹಾಕಿರೋದು ಸೆಲ್ ಅಂಕಿಯನ್ನ. ಜನ ಮೋಸ ಹೋಗೋದು ಅಲ್ಲೇ.

ಮಾರುಕಟ್ಟೆ ದರ 1 ಡಾಲರಿಗೆ 100 ಅಂದುಕೊಳ್ಳಿ. ಬೋರ್ಡು 92 / 108. 100 ಡಾಲರ್ ಕೊಟ್ಟರೆ ಕೈಗೆ 9,200 ಬರುತ್ತದೆ, ಶೇ. 8 ಹೋಯಿತು. ಆ 9,200ನ್ನು ಮುಟ್ಟದೆ ಅದೇ ಕಿಟಕಿಗೆ ವಾಪಸ್ ಕೊಟ್ಟರೆ ಸಿಗೋದು 85 ಡಾಲರ್ ಚಿಲ್ಲರೆ. ಏನೂ ಕೊಳ್ಳದೆ ಸುಮಾರು 15 ಡಾಲರ್ ಕರಗಿತು. ಎರಡು ಅಂಕಿಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಕೌಂಟರ್ ದುಬಾರಿ. ಒಂದೇ ಅಂಗಡಿ ಇರೋ ಊರಲ್ಲಿ ಪೈಪೋಟಿ ಇಲ್ಲದ್ದರಿಂದ ಆ ಅಂತರ ಸಾಮಾನ್ಯವಾಗಿ ದೊಡ್ಡದೇ. ವಾರಾಂತ್ಯದಲ್ಲಿ ಕರೆನ್ಸಿ ಮಾರುಕಟ್ಟೆ ಮುಚ್ಚಿರುತ್ತದೆ. ಸೋಮವಾರ ದರ ಎತ್ತ ವಾಲುತ್ತದೋ ಅಂತ ಕೆಲವರು ಇನ್ನೂ ಒಂದಿಷ್ಟು ಅಗಲಿಸುತ್ತಾರೆ.

ಕಿಟಕಿಯಲ್ಲಿ ದರ ಕೇಳಬೇಡಿ. "200 ಡಾಲರ್ ಕೊಟ್ಟರೆ ಎಲ್ಲ ಕಳೆದು ಕೈಗೆ ಎಷ್ಟು?" ಅಂತ ಕೇಳಿ, ಕ್ಯಾಲ್ಕುಲೇಟರಲ್ಲಿ ಒತ್ತಿ ತೋರಿಸಲಿ. ಸರ್ವೀಸ್ ಚಾರ್ಜು, ಕನಿಷ್ಠ ಶುಲ್ಕ, "ಈ ದರ 1,000ಕ್ಕಿಂತ ಮೇಲಕ್ಕೆ ಮಾತ್ರ" ಅನ್ನೋ ಸಣ್ಣಕ್ಷರ ಎಲ್ಲವೂ ಆ ಒಂದು ಅಂಕಿಯಲ್ಲಿ ಬಯಲಾಗುತ್ತವೆ.

ಇನ್ನು ಡಾಲರ್ ಒಯ್ಯೋದು. ನಿಮ್ಮ ಹಣ ಎರಡು ಸಲ ಬದಲಾಗುತ್ತದೆ. ಇಲ್ಲಿ ಶೇ. 2, ಅಲ್ಲಿ ಶೇ. 5 ಹೋದರೆ 0.98 × 0.95 = 0.931, ಅಂದರೆ ಹತ್ತಿರ ಹತ್ತಿರ ಶೇ. 7. ವಿದೇಶಿ ಬಳಕೆಗೆ ಶೇ. 3.5 ತೆಗೆದುಕೊಳ್ಳೋ ಕಾರ್ಡಾದರೂ ಒಂದೇ ಸಲ ಬದಲಾಯಿಸುತ್ತದೆ. ಹಾಗಾಗಿ ಕಾರ್ಡು ಮುಖ್ಯ, ಡಾಲರ್ ಆಪತ್ತಿಗೆ.

ಎರಡುಕಾಸು:
ಮೇಲಿನವರ ಲೆಕ್ಕ ಸರಿ. ಆದರೆ "ಕಾರ್ಡು ಮುಖ್ಯ" ಅನ್ನೋದು ನಗರದ ಮಟ್ಟಿಗೆ ಮಾತ್ರ ಗುರುಗಳೇ. ರೆಸಾರ್ಟ್ ಊರಿನ ಎಟಿಎಂ ಶುಕ್ರವಾರ ಸಂಜೆ ಜನ ಬಂದಿಳಿದ ಮೇಲೆ ಖಾಲಿಯಾದರೆ, ಬ್ಯಾಂಕಿನ ಗಾಡಿ ಸೋಮವಾರದವರೆಗೆ ಬರದೆಯೂ ಇರಬಹುದು. ಕರೆಂಟ್ ಹೋಯಿತು, ಲೈನ್ ಬಿತ್ತು ಅಂದರೆ ಅಂಗಡಿಯ ಸ್ವೈಪ್ ಮೆಷಿನ್ ಕೂಡ ಮೂಕ.

ಆದ್ದರಿಂದ ಹೀಗೆ ಮಾಡಿ. ಏರ್‌ಪೋರ್ಟಲ್ಲಿ ನಗರ ಸೇರೋ ಖರ್ಚಿಗಾಗುವಷ್ಟು ಮಾತ್ರ. ನಗರದಲ್ಲಿ, ಬಸ್ ಹತ್ತೋ ಮುಂಚೆ, ಬ್ಯಾಂಕಿಗೆ ಅಂಟಿಕೊಂಡಿರೋ ಎಟಿಎಂನಲ್ಲಿ, ಬ್ಯಾಂಕ್ ತೆರೆದಿರೋ ಹೊತ್ತಲ್ಲಿ ದೊಡ್ಡ ಮೊತ್ತ ತೆಗೀರಿ. ಕಾರ್ಡ್ ನುಂಗಿದರೆ ಒಳಗೆ ಹೋಗಿ ಕೇಳೋಕೆ ಒಬ್ಬ ಮನುಷ್ಯ ಇರ್ತಾನೆ. ದಿನಸಿ ಅಂಗಡಿ ಮೂಲೆಯ ಒಂಟಿ ಮೆಷಿನ್‌ಗೆ ಆ ಭಾಗ್ಯ ಇಲ್ಲ.

ದೊಡ್ಡ ಮೊತ್ತ ಯಾಕೆ ಅಂದರೆ, ಎಟಿಎಂನಲ್ಲಿ ಮೂರು ಕಡಿತ: ಮೆಷಿನ್‌ನವರ ಶುಲ್ಕ, ನಿಮ್ಮ ಬ್ಯಾಂಕಿನ ಶುಲ್ಕ, ಅದರ ಮೇಲೆ ಶೇಕಡಾವಾರು. ಮೊದಲೆರಡು ಸಾಮಾನ್ಯವಾಗಿ ತೆಗೆಯೋ ಮೊತ್ತ ನೋಡಲ್ಲ. ಎರಡೂ ಸೇರಿ 300 ಅಂದರೆ 3,000 ತೆಗೆದಾಗ ಶೇ. 10, 15,000 ತೆಗೆದಾಗ ಶೇ. 2. ಆದರೆ ಒಂದು ಸಲಕ್ಕೆ ಮೆಷಿನ್‌ನದೊಂದು ಮಿತಿ, ದಿನಕ್ಕೆ ನಿಮ್ಮ ಬ್ಯಾಂಕಿನದೊಂದು ಮಿತಿ ಇರುತ್ತೆ. ಹೊರಡೋ ಮುಂಚೆ ಆಪಲ್ಲಿ ವಿದೇಶಿ ಬಳಕೆ ಆನ್ ಮಾಡೋವಾಗಲೇ ಆ ಮಿತಿಯನ್ನೂ ನೋಡಿಕೊಳ್ಳಿ. ಪಿನ್ 6 ಅಂಕಿಯದ್ದಾದರೆ 4ಕ್ಕೆ ಇಳಿಸೋಕಾಗುತ್ತಾ ವಿಚಾರಿಸಿ, ಕೆಲವು ಮೆಷಿನ್ 4ರ ಆಚೆ ತಗೊಳ್ಳಲ್ಲ. ಕ್ರೆಡಿಟ್ ಕಾರ್ಡಲ್ಲಿ ನಗದು ತೆಗೀಬೇಡಿ, ಸಾಮಾನ್ಯವಾಗಿ ಬಡ್ಡಿ ಅವತ್ತಿಂದಲೇ ಓಡುತ್ತೆ.

ನಗದು ಎಷ್ಟು ಅಂದರೆ: ಊರಲ್ಲಿ ಕಾರ್ಡ್ ಒಂದೂ ನಡೆಯಲ್ಲ ಅಂದುಕೊಂಡು 3 ದಿನದ ಊಟ, ಓಡಾಟ, ಜೊತೆಗೆ ವಾಪಸ್ ಬಸ್ಸಿನ ದುಡ್ಡು. ಬಸ್ಸಿನದ್ದು ಬೇರೆ ಜೇಬಲ್ಲಿ.

ಕೌಂಟರ್‌ಕಿಟಕಿ:
ನೋಟಿನ ಬಗ್ಗೆ ಯಾರೂ ಹೇಳಲಿಲ್ಲ. ಡಾಲರ್ ಒಯ್ಯುವುದಾದರೆ ಒಂದೊಂದೇ ನೋಟನ್ನು ಬೆಳಕಿಗೆ ಹಿಡಿದು ನೋಡಿ: ಪಿನ್ನಿನ ತೂತು, ಪೆನ್ನಿನ ಗೀಟು, ಅಂಚಿನಲ್ಲಿ ಉಗುರಿನಷ್ಟು ಹರಿದ ಗುರುತು, ಯಾರೋ ಒತ್ತಿದ ಪುಟ್ಟ ಮುದ್ರೆ. ಅಮೆರಿಕದಲ್ಲಿ ಹಳೆಯ ಡಾಲರ್ ನೋಟಿಗೂ ಪೂರ್ತಿ ಬೆಲೆ ಇದೆ, ಅದು ರದ್ದಾಗಿಲ್ಲ. ಆದರೆ ಹೊರದೇಶದ ಕೌಂಟರಿನವನಿಗೆ ಆ ನಿಯಮ ಕಟ್ಟಿಕೊಂಡು ಏನಾಗಬೇಕು? ಮುಂದಿನವರು ಅವನಿಂದ ತೆಗೆದುಕೊಳ್ಳದಿದ್ದರೆ ನಷ್ಟ ಅವನದೇ. 100ರ ನೋಟಾದರೆ 2013ರಲ್ಲಿ ಬಂದ ನೀಲಿ ಪಟ್ಟಿಯದ್ದೇ ಕೇಳಿ ಪಡೆಯಿರಿ. 1, 5, 10ರ ನೋಟುಗಳಿಗೆ ಎಷ್ಟೋ ಕಡೆ ಕಡಿಮೆ ದರ ಕೊಡುತ್ತಾರೆ, ಹಾಗಾಗಿ ಬದಲಾಯಿಸುವುದಕ್ಕೆ 50, 100.

ಮನೆಯಲ್ಲಿ ಉಳಿದ ಹಳೆಯ ವಿದೇಶಿ ನೋಟು ಒಯ್ಯುವವರೂ ಇದ್ದಾರೆ. ಬ್ರಿಟನ್ನಿನ ಕಾಗದದ 20, 50 ಪೌಂಡ್ ನೋಟು 2022ರ ಸೆಪ್ಟೆಂಬರ್ 30ರ ನಂತರ ಅಂಗಡಿಯಲ್ಲಿ ನಡೆಯುವುದಿಲ್ಲ. ಕ್ರೊಯೇಷಿಯಾ 2023ರ ಜನವರಿಯಲ್ಲಿ ಯೂರೋಗೆ ಬಂತು. ಅಲ್ಲಿಯ ಹಳೆಯ ಹಣವಾದ ಕುನಾ ನೋಟು ಕೊಟ್ಟರೆ ಅಲ್ಲಿನ ಕೇಂದ್ರ ಬ್ಯಾಂಕ್ ಬದಲಾಯಿಸಿಕೊಡುತ್ತದೆ, ಕಡಲತೀರದ ಕೌಂಟರ್ ಅಲ್ಲ. 500 ಯೂರೋ ನೋಟು ಇನ್ನೂ ಚಾಲ್ತಿಯಲ್ಲಿದೆ, ಆದರೆ ಹೊಸದಾಗಿ ಹೊರಡಿಸುವುದು 2019ರಲ್ಲೇ ನಿಂತಿತು, ಸಣ್ಣ ಊರಲ್ಲಿ ಅದನ್ನು ಮುಟ್ಟುವವರು ಕಡಿಮೆ.

ಚಿಲ್ಲರೆಯ ಮಾತು ಕಿಟಕಿಯಲ್ಲೇ ಆಗಬೇಕು. ಹಣ ಕೊಡುವ *ಮೊದಲು* ಸಣ್ಣ ನೋಟು ಬೇಕೆಂದು ಹೇಳಿ. ಎಟಿಎಂ ದೊಡ್ಡ ನೋಟನ್ನೇ ಉಗುಳುತ್ತದೆ, ತೀರದಲ್ಲಿ ಎಳನೀರು ಮಾರುವವನ ಬಳಿ ಅದಕ್ಕೆ ಚಿಲ್ಲರೆ ಇರುವುದಿಲ್ಲ. ಎಟಿಎಂನಲ್ಲಿ 20,000ದ ಬದಲು 19,900 ಒತ್ತಿ ನೋಡಿ. ಒಳಗೆ ಸಣ್ಣ ನೋಟಿನ ಪೆಟ್ಟಿಗೆ ಇದ್ದರೆ ಕೊನೆಯ ಪಾಲು ಸಣ್ಣದರಲ್ಲಿ ಬರುತ್ತದೆ. ಕಿಟಕಿ ಬಿಡುವ ಮುಂಚೆ ನೀವೇ ಎಣಿಸಿ. ಎಣಿಸಿದ ಮೇಲೆ ಅವನು "ಇನ್ನೊಮ್ಮೆ ನೋಡ್ತೀನಿ" ಎಂದು ವಾಪಸ್ ತೆಗೆದುಕೊಂಡರೆ ಮತ್ತೆ ಮೊದಲಿನಿಂದ ಎಣಿಸಿ, ನಾಚಿಕೆ ಬೇಡ. ಬೀದಿಯಲ್ಲಿ ಬದಲಾಯಿಸುವವರ ಕೈಚಳಕ ಇರುವುದು ಆ ಎರಡನೇ ಎಣಿಕೆಯಲ್ಲೇ.

ಮೂಟೆಕಟ್ಟು:
ತುಂಬಾ ಉಪಯೋಗ ಆಯ್ತು. ಇನ್ನೊಂದು ಅನುಮಾನ: ಎಟಿಎಂ "ನಿಮ್ಮ ಕರೆನ್ಸಿಯಲ್ಲಿ ಕಡಿತ ಮಾಡಲೇ?" ಅಂತ ಕೇಳುತ್ತಂತೆ. ಹೋಟೆಲಿನವರೂ ಅದೇ ಕೇಳಬಹುದಾ? ಮೊತ್ತ ಅಲ್ಲೇ ಗೊತ್ತಾಗೋದು ಒಳ್ಳೇದಲ್ವಾ?

ಲೆಕ್ಕಪಕ್ಕಾ:
ಗೊತ್ತಾಗುತ್ತದೆ, ಆದರೆ ಆ ಗೊತ್ತಾಗುವುದಕ್ಕೇ ಬೆಲೆ ಕಟ್ಟಿರುತ್ತಾರೆ. ನಿಮ್ಮ ಹಣದ 1ಕ್ಕೆ ಅಲ್ಲಿಯ 100 ಇದ್ದು, ನೀವು 20,000 ತೆಗೆದರೆ ನ್ಯಾಯವಾಗಿ 200. ಮೆಷಿನ್ 216 ತೋರಿಸಿ "ಅಕ್ಸೆಪ್ಟ್" ಒತ್ತಿ ಅನ್ನುತ್ತದೆ. "ಡಿಕ್ಲೈನ್ ಕನ್ವರ್ಷನ್" ಅಥವಾ "ವಿತೌಟ್ ಕನ್ವರ್ಷನ್" ಒತ್ತಿದರೆ ಬದಲಾಯಿಸುವ ಕೆಲಸ ನಿಮ್ಮ ಬ್ಯಾಂಕಿನದು, ಶೇ. 3.5 ಸೇರಿದರೂ 207. ಡಿಕ್ಲೈನ್ ಅಂದರೆ ವ್ಯವಹಾರವೇ ರದ್ದು ಅಂತ ಹೆದರುವವರು ಬಹಳ. ರದ್ದಾಗುವುದು ಪರಿವರ್ತನೆ ಮಾತ್ರ, ಹಣ ಬರುತ್ತದೆ. ನೆನಪಿಡಬೇಕಾದದ್ದು: ಮೆಷಿನ್‌ನ ಬಳಕೆ ಶುಲ್ಕಕ್ಕೆ ಬೇರೆ ಪರದೆ ಬರಬಹುದು, ಅದಕ್ಕೆ ಒಪ್ಪಲೇಬೇಕು. ಎರಡನ್ನೂ ಓದಿ ಒತ್ತಿ.

ಹೋಟೆಲಿನಲ್ಲೂ ಅದೇ ಆಟ, ಕೆಲವೊಮ್ಮೆ ಕೇಳದೆಯೇ ಒತ್ತಿಬಿಡುತ್ತಾರೆ. ಸ್ಲಿಪ್ಪಿನಲ್ಲಿ ನಿಮ್ಮ ಕರೆನ್ಸಿಯ ಹೆಸರು ಕಂಡರೆ ಸಹಿ ಹಾಕಬೇಡಿ, ರದ್ದು ಮಾಡಿಸಿ ಸ್ಥಳೀಯ ಹಣದಲ್ಲಿ ಮತ್ತೆ ಹಾಕಿಸಿ. ಬಂದ ದಿನ ಅಡ್ವಾನ್ಸ್ ಅಂತ ಒಂದು ಮೊತ್ತ ತಡೆಹಿಡಿಯುವುದೂ ಇದೆ. ಅದಕ್ಕೆ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕೊಟ್ಟರೆ ನಿಮ್ಮ ಖಾತೆಯ ಹಣವೇ ದಿನಗಟ್ಟಲೆ ಸಿಕ್ಕಿಕೊಂಡು, ಎಟಿಎಂಗೆ ಹೋದಾಗ ಬ್ಯಾಲೆನ್ಸ್ ಸಾಲದು ಅನ್ನುತ್ತದೆ.

ಎರಡುಕಾಸು:
ಇನ್ನೆರಡು ಸೇರಿಸ್ತೀನಿ. ಮೆಷಿನ್ ಸದ್ದು ಮಾಡಿ ದುಡ್ಡು ಕೊಡದೆ ಖಾತೆಯಿಂದ ಕಡಿತ ಆದರೆ, ತಕ್ಷಣ ಇನ್ನೊಮ್ಮೆ ಪ್ರಯತ್ನಿಸಬೇಡಿ. ಸಮಯ, ಮೆಷಿನ್ ನಂಬರ್, ಪರದೆಯ ಫೋಟೋ ಇಟ್ಕೊಂಡು ದೂರು ಕೊಡಬೇಕಾದ್ದು ನಿಮ್ಮ ಕಾರ್ಡಿನ ಬ್ಯಾಂಕಿಗೆ, ಅಲ್ಲಿನ ಬ್ಯಾಂಕಿಗಲ್ಲ.

ಉಳಿದ ದುಡ್ಡು: ಟ್ಯುನೀಷಿಯಾದ ದಿನಾರ್ ತರಹ ದೇಶದಿಂದ ಹೊರಗೆ ಒಯ್ಯೋಕೇ ಬಿಡದ ಕರೆನ್ಸಿಗಳಿವೆ. ಅಂಥ ಕಡೆ ವಾಪಸ್ ಬದಲಾಯಿಸುವಾಗ ಮೊದಲು ಬದಲಾಯಿಸಿದ ರಸೀದಿ ಕೇಳಬಹುದು, ಬಿಸಾಕಬೇಡಿ. ನಾಣ್ಯ ಸಾಮಾನ್ಯವಾಗಿ ಯಾವ ಕೌಂಟರೂ ತಗೊಳ್ಳಲ್ಲ. ಕೊನೇ ದಿನ ಹೋಟೆಲ್ ಬಿಲ್ಲಲ್ಲಿ ಉಳಿದ ನಗದು ಪೂರ್ತಿ ಕೊಟ್ಟು, ಮಿಕ್ಕಿದ್ದಕ್ಕೆ ಕಾರ್ಡ್ ಉಜ್ಜಿಸಿ. ಬಸ್ಸಿನ ದುಡ್ಡಿಗೆ ಮಾತ್ರ ಕೈ ಹಾಕಬೇಡಿ.