‘ರೇಡಿಯಲ್ ಎಂಜಿನ್’, ‘ಮಾಸ್ಟರ್ ರಾಡ್’: ಕನ್ನಡದಲ್ಲಿ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿಯ ‘ವಾಸ್ಪ್’ ವಿಮಾನ ಎಂಜಿನ್ ರೂಪುಗೊಂಡ ಬಗೆಯನ್ನು ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. (ಹೆಸರನ್ನು ‘ಕಣಜ’ ಎಂದು ಕನ್ನಡಿಸಿದರೆ ಓದುಗರಿಗೆ ಭತ್ತ ತುಂಬಿಡುವುದು ನೆನಪಾದೀತು. ಹಾಗಾಗಿ ಅದನ್ನು ಮುಟ್ಟಿಲ್ಲ.) ತೊಡಕು ಎರಡು ಪದಗಳದ್ದು.

ಮೊದಲನೆಯದು ‘ರೇಡಿಯಲ್’. ‘ವೃತ್ತಾಕಾರದ ಎಂಜಿನ್’ ಎಂಬ ಬಳಕೆ ಕಣ್ಣಿಗೆ ಬಿದ್ದಿದೆ, ನನಗೆ ಒಪ್ಪಿಗೆಯಿಲ್ಲ. ನೋಟಕ್ಕೆ ರೋಟರಿ ಎಂಜಿನ್ನೂ ಹಾಗೆಯೇ ಇರುತ್ತದೆ. ಫ್ರಾನ್ಸಿನ ‘ನೋಮ್’ನಂಥ ರೋಟರಿಯಲ್ಲಿ ಕ್ರ್ಯಾಂಕ್‌ಶಾಫ್ಟನ್ನು (ಪಿಸ್ಟನ್ನುಗಳ ರಾಡುಗಳು ಸೇರುವ ನಡುವಿನ ಅಚ್ಚು) ವಿಮಾನಕ್ಕೆ ಬಿಗಿದಿರುತ್ತಾರೆ, ಸಿಲಿಂಡರುಗಳೇ ಪ್ರೊಪೆಲರಿನೊಡನೆ ಗಿರ್ರನೆ ತಿರುಗುತ್ತವೆ. ರೇಡಿಯಲ್ಲಿನಲ್ಲಿ ಸಿಲಿಂಡರುಗಳು ಕದಲುವುದಿಲ್ಲ. ‘ತ್ರಿಜ್ಯೀಯ’ ಪಠ್ಯಪುಸ್ತಕಕ್ಕೆ ಸರಿ, ನಾಲಿಗೆಗೆ ಒಗ್ಗದು. ಜರ್ಮನರು ‘ನಕ್ಷತ್ರ ಮೋಟಾರು’ ಎನ್ನುತ್ತಾರೆ. ನಾವು ‘ತಾರಾ ಎಂಜಿನ್’ ಎಂದರೆ ಲೇಖನ ಸಿನಿಮಾ ಪುರವಣಿಗೆ ಹೋದೀತು! ಗಾಡಿಯ ಗಾಲಿಯಲ್ಲಿ ಗುಂಬದಿಂದ ಅರಗಳು ಹೊರಟಂತೆ ಸಿಲಿಂಡರುಗಳು ಇರುತ್ತವೆ ಎಂದು ಒಮ್ಮೆ ವಿವರಿಸಿ, ಮುಂದೆ ‘ರೇಡಿಯಲ್’ ಎಂದೇ ಬರೆಯುವುದು ನನ್ನ ಒಲವು.

ನಿಜವಾದ ಕಗ್ಗಂಟು ಎರಡನೆಯದು, ‘ಮಾಸ್ಟರ್ ರಾಡ್’. ವಾಸ್ಪ್‌ಗೆ ಒಂಬತ್ತು ಸಿಲಿಂಡರು. ಒಂಬತ್ತೂ ಪಿಸ್ಟನ್ನುಗಳ ರಾಡುಗಳನ್ನು ಒಂದೇ ಕ್ರ್ಯಾಂಕ್‌ಪಿನ್ನಿಗೆ (ಕ್ರ್ಯಾಂಕ್‌ಶಾಫ್ಟಿನಲ್ಲಿ ನಡುವಿನಿಂದ ಪಕ್ಕಕ್ಕೆ ಸರಿದಿರುವ ಗೂಟ) ಪಕ್ಕಪಕ್ಕದಲ್ಲಿ ತೊಡಿಸಲು ಜಾಗವಿಲ್ಲ. ಅದಕ್ಕೇ ಒಂದು ರಾಡ್ ಮಾತ್ರ ಆ ಪಿನ್ನನ್ನು ತಬ್ಬಿ ಹಿಡಿಯುತ್ತದೆ. ಅದರ ದಪ್ಪ ತಲೆಯ ಸುತ್ತ ಕೊರೆದ ತೂತುಗಳಿಗೆ ಉಳಿದ ಎಂಟನ್ನು ಸಣ್ಣ ಪಿನ್ನುಗಳಿಂದ ಸೇರಿಸುತ್ತಾರೆ. ಆ ಒಂದೇ ಮಾಸ್ಟರ್ ರಾಡ್. ಹಿಂದಿನ ಹಲವು ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಅಖಂಡ. ಅದಕ್ಕೆ ತೊಡಿಸಲೆಂದು ಮಾಸ್ಟರ್ ರಾಡಿನ ತಲೆಯನ್ನು ಎರಡು ಹೋಳು ಮಾಡಿ ಬೋಲ್ಟಿನಿಂದ ಬಿಗಿಯುತ್ತಿದ್ದರು. ವೇಗ ಏರಿದಂತೆ ಹೊರೆಯೆಲ್ಲ ಆ ಬೋಲ್ಟುಗಳ ಮೇಲೆ. ಕಂಪನಿಯ ಎಂಜಿನಿಯರುಗಳಾದ ಜಾರ್ಜ್ ಮೀಡ್, ಆಂಡ್ರ್ಯೂ ವಿಲ್ಗೂಸ್ ಮತ್ತು ಸಂಗಡಿಗರು ವಾಸ್ಪ್‌ನಲ್ಲಿ ಅದನ್ನು ತಿರುವುಮುರುವು ಮಾಡಿದರು: ರಾಡ್ ಅಖಂಡ, ಶಾಫ್ಟ್ ಎರಡು ತುಂಡು. 1925ರ ಡಿಸೆಂಬರಿನಲ್ಲಿ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಎಂಜಿನ್ ಮೊದಲು ಓಡಿತು. ತೂಕ 650 ಪೌಂಡಿನೊಳಗೆ, ಆರಂಭದ ಪರೀಕ್ಷೆಗಳಲ್ಲೇ 425 ಅಶ್ವಶಕ್ತಿ.

ಇಂಥ ಮುಖ್ಯ ಭಾಗಕ್ಕೆ ‘ಪ್ರಧಾನ ದಂಡ’ ಎಂದರೆ ಯಾರೋ ಜುಲ್ಮಾನೆ ಹಾಕಿದಂತಿದೆ. ತಾಯಿಬೇರು ಎನ್ನುವ ನಾವು ‘ತಾಯಿರಾಡ್’ ಎನ್ನಬಾರದೇಕೆ? ಉಳಿದವು ‘ಮರಿರಾಡ್’. ಸಂಸ್ಕೃತದ ಹಂಗಿಲ್ಲ, ಕೆಲಸವೂ ತಿಳಿಯುತ್ತದೆ.

ಆದರೂ ನಾನು ಹೊಸದಾಗಿ ಹೊಸೆಯುವುದಕ್ಕಿಂತ ಕೈಯಾರೆ ಕೆಲಸ ಮಾಡಿದವರ ಮಾತು ಸಿಕ್ಕರೆ ಲೇಸು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಿಮಾನಗಳನ್ನೂ ಎಂಜಿನ್ನುಗಳನ್ನೂ ದುರಸ್ತಿ ಮಾಡುತ್ತಿತ್ತು. ಯುದ್ಧ ಮುಗಿದ ಮೇಲೆ ನಮ್ಮ ವಾಯುಪಡೆಗಾಗಿ ಲಿಬರೇಟರ್ ಬಾಂಬರುಗಳು ಅಲ್ಲಿಯೇ ಸಜ್ಜಾದವು. ಪ್ರತಿ ವಿಮಾನಕ್ಕೂ ಅದೇ ಪ್ರಾಟ್ ಅಂಡ್ ವಿಟ್ನಿಯ ನಾಲ್ಕು ‘ಟ್ವಿನ್ ವಾಸ್ಪ್’ ಎಂಜಿನ್. ಪ್ರತಿ ಎಂಜಿನ್ನಿನಲ್ಲೂ ಎರಡು ಸಾಲು ಸಿಲಿಂಡರು, ಸಾಲಿಗೊಂದು ಮಾಸ್ಟರ್ ರಾಡ್. ಅವನ್ನು ಬಿಚ್ಚಿ ಜೋಡಿಸಿದ ಕನ್ನಡದ ಮೆಕ್ಯಾನಿಕ್ಕುಗಳು ಕೆಲಸದ ನಡುವೆ ಅದನ್ನು ಏನೆಂದು ಕರೆಯುತ್ತಿದ್ದರು? ನಿಮ್ಮ ಮನೆಯ ಹಿರಿಯರು ಯಾರಾದರೂ ಅಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ. ‘ಮಾಸ್ಟರು’ ಎಂದಷ್ಟೇ ಅನ್ನುತ್ತಿದ್ದರು ಎಂದಾದರೂ ಸರಿ, ಅದನ್ನೇ ಬಳಸುತ್ತೇನೆ.