ಬೆಕ್ಕಿನ ನೋವಿನ ಔಷಧವನ್ನು ನಿಲ್ಲಿಸಬೇಡಿ, ಚಿಕ್ಕಮ್ಮ

ಚಿಕ್ಕಮ್ಮ, ಹಾಸನದಲ್ಲಿ ಕ್ಲಿನಿಕ್ ಮುಗಿಸಿ ಈಗಷ್ಟೇ ನಿಮ್ಮ ಧ್ವನಿ ಸಂದೇಶ ಕೇಳಿದೆ. ಕಾಲಿನ ಮೂಳೆಗೆ ಪ್ಲೇಟ್ ಹಾಕಿಸಿಕೊಂಡು ಬಂದ ಬೆಕ್ಕಿಗೆ ಬ್ಯುಪ್ರಿನಾರ್ಫಿನ್ ಎಂಬ ನೋವಿನ ಔಷಧ ಕೊಟ್ಟ ಮೇಲೆ ಕಣ್ಣಿನ ಪಾಪೆ ದೊಡ್ಡದಾಗಿದೆ, ರಾತ್ರಿಯೆಲ್ಲ ಕಂಬಕ್ಕೆ ಮೈ ಉಜ್ಜುತ್ತಿದೆ, ಹಾಗಾಗಿ ಔಷಧ ನಿಲ್ಲಿಸಲೇ ಅಥವಾ ಹಾಲಿಗೆ ಬೆರೆಸಿ ಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ.

ಅಫೀಮಿನ ಗುಂಪಿಗೆ ಸೇರಿದ ಈ ಔಷಧಗಳಿಂದ ನಾಯಿಗೆ ಸಾಮಾನ್ಯವಾಗಿ ಮಂಪರು ಬರುತ್ತದೆ, ಪಾಪೆ ಕಿರಿದಾಗುತ್ತದೆ. ಬೆಕ್ಕಿಗಾದರೆ ಪಾಪೆ ಅಗಲವಾಗುತ್ತದೆ, ಮೈ ಉಜ್ಜುವುದು, ಮುಂಗಾಲಿನಿಂದ ಹಾಸಿಗೆ ಒತ್ತುವುದು ಹೆಚ್ಚುತ್ತದೆ. ನೀವು ಕಂಡದ್ದು ಅದನ್ನೇ. ಪಾಪೆ ಅಗಲವಾಗಿರುವಾಗ ಬಿಸಿಲು ಚುಚ್ಚುತ್ತದೆ, ಆದ್ದರಿಂದ ಅದನ್ನು ಮಬ್ಬು ಬೆಳಕಿನ ಕೋಣೆಯಲ್ಲಿಡಿ. ನೋವಿರುವ ಬೆಕ್ಕು ಸಾಮಾನ್ಯವಾಗಿ ಕೂಗುವುದಿಲ್ಲ: ಅಕ್ಕಿ ಡಬ್ಬದ ಹಿಂದೆ ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಕಿವಿ ಅತ್ತಿತ್ತ ಚಾಚಿ, ಕಣ್ಣು ಅರ್ಧ ಮುಚ್ಚಿ ಕುಳಿತುಬಿಡುತ್ತದೆ, ಮೈ ನೆಕ್ಕಿಕೊಳ್ಳುವುದನ್ನೂ ಬಿಡುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ‘ಪಾಪ, ಸುಮ್ಮನಿದೆ’ ಎಂದುಕೊಳ್ಳುವುದನ್ನು ಕಂಡು ನನಗೆ ಬಹಳ ಸಂಕಟವಾಗಿದೆ.

ಹಾಲಿನ ವಿಚಾರಕ್ಕೆ ಬಂದರೆ, ಈ ಔಷಧ ಬಾಯೊಳಗಿನ ಒದ್ದೆ ಚರ್ಮದ ಮೂಲಕವೇ ರಕ್ತಕ್ಕೆ ಸೇರಬೇಕು. ನುಂಗಿಬಿಟ್ಟರೆ ಅದರ ಹೆಚ್ಚಿನ ಭಾಗವನ್ನು ಯಕೃತ್ತು ಒಡೆದು ಹಾಕುವುದರಿಂದ ನೋವು ಇಳಿಯುವುದಿಲ್ಲ. ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಿ, ಸೂಜಿಯಿಲ್ಲದ ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ ಕೆನ್ನೆಯ ಒಳಗೆ ತೂರಿಸಿ, ಮೆಲ್ಲಗೆ ಒತ್ತಿ. ಪರಿಣಾಮ ಸುಮಾರು 6 ರಿಂದ 8 ಗಂಟೆ ಇರುತ್ತದೆ, ಆದ್ದರಿಂದ ಚೀಟಿಯಲ್ಲಿ ಬರೆದ ಹೊತ್ತನ್ನು ತಪ್ಪಿಸಬೇಡಿ, ನೀವಾಗಿ ಪ್ರಮಾಣ ಹೆಚ್ಚಿಸಲೂ ಬೇಡಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ಅಥವಾ ಮೈ ಕಾದರೆ ತಕ್ಷಣ ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಮಾಡಿ. ಔಷಧದ ಪರಿಣಾಮವನ್ನು ತಗ್ಗಿಸಲು ನಲಾಕ್ಸೋನ್ ಎಂಬ ಇಂಜೆಕ್ಷನ್ ಇದೆ.

ಚಿಕ್ಕಪ್ಪ, ತೋಟದ ನಾಯಿ ಕುಂಟುತ್ತಿದೆ, ಅಜ್ಜನ ಮಂಡಿ ನೋವಿಗೆ ತಂದು ಉಳಿದ ಟ್ರಮಡಾಲ್ ಕೊಡಲೇ ಎಂದು ನೀವು ಕೇಳಿದ್ದೀರಿ. ಬೇಡ. ಮನುಷ್ಯರ ದೇಹದಲ್ಲಿ ಟ್ರಮಡಾಲಿನಿಂದ ಹುಟ್ಟಿ ನೋವನ್ನು ತಗ್ಗಿಸುವ ಅಂಶ ನಾಯಿಯ ದೇಹದಲ್ಲಿ ಅತಿ ಕಡಿಮೆ ಹುಟ್ಟುತ್ತದೆ, ಆದ್ದರಿಂದ ಕೀಲು ನೋವಿಗೆ ಅದನ್ನು ನೆಚ್ಚಿಕೊಳ್ಳಲಾಗದು. ಇಂತಹ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ, ಅದರ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಆ ಸ್ಟ್ರಿಪ್ಪನ್ನು ಅಡುಗೆಮನೆಯ ಕಪಾಟಿನಿಂದ ಇಂದೇ ತೆಗೆದಿಡಿ. ನಾಯಿಯನ್ನು ನಾಳೆ ಬೆಳಿಗ್ಗೆ ಇಲ್ಲಿಗೆ ಕರೆತನ್ನಿ, ಕಾಲು ಮುಟ್ಟಿ ನೋಡದೆ ನಾನು ಯಾವ ಮಾತ್ರೆಯ ಹೆಸರನ್ನೂ ಹೇಳುವುದಿಲ್ಲ.