ಹೊನ್ನಾವರದ ಹೊಳೆಯಲ್ಲಿ ಬಳಚು ಯಾಕಿಲ್ಲ?

ಹೊಳೆಬದಿಯವಳು:
ಅಜ್ಜಿಮನೆ ಶರಾವತಿ ದಡದಲ್ಲಿ, ಹೊನ್ನಾವರದಿಂದ ಸ್ವಲ್ಪ ಮೇಲಕ್ಕೆ. ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಬೇಸಿಗೆಯ ಇಳಿತದ ಹೊತ್ತಿಗೆ ಹೊಳೆಗಿಳಿದು, ಕಾಲಲ್ಲೇ ತಡಕಿ ಬುಟ್ಟಿಗಟ್ಟಲೆ ಬಳಚು (ತಿನ್ನುವ ಎರಡು ಚಿಪ್ಪಿನ ಪ್ರಾಣಿ) ತರುತ್ತಿದ್ದರಂತೆ. ಈಗ ಬಳಚು ತಿನ್ನಬೇಕು ಅಂದ್ರೆ ಕುಮಟಾ ಕಡೆಯಿಂದ ಬರಬೇಕು. ಸಿಗಡಿನೂ ಕಮ್ಮಿ. ಇಲ್ಲಿ ಫ್ಯಾಕ್ಟರಿ ಇಲ್ಲ, ನೀರು ತಿಳಿಯಾಗೇ ಇದೆ. ಜಾಸ್ತಿ ಹಿಡಿದು ಖಾಲಿ ಮಾಡಿದರು ಅಂತಾರೆ ಮಾವ. ಅಷ್ಟೇನಾ?

ಉಪ್ಪುನೀರು:
ಅಕ್ಕ, ತಿಳಿ ನೀರೇ ತೊಂದರೆ. ಮೇ ತಿಂಗಳಲ್ಲಿ ಒಂದು ಬೊಗಸೆ ಬಾಯಿಗೆ ಹಾಕಿ ನೋಡಿ, ಚಪ್ಪೆ ಇರುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿ, ಉಬ್ಬರದ ಜೊತೆ ಉಪ್ಪು ಮೈಲಿಗಟ್ಟಲೆ ಮೇಲೇರಬೇಕು, ಅದೇ ಅಳಿವೆಯ, ಅಂದ್ರೆ ಹೊಳೆ ಸಮುದ್ರ ಸೇರುವ ಜಾಗದ, ಲೆಕ್ಕ. 1964ರಲ್ಲಿ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು ಕಟ್ಟೆ, ಕರೆಂಟಿಗಾಗಿ ಟರ್ಬೈನ್ ತಿರುಗಿದಾಗಲೆಲ್ಲ ಸಿಹಿನೀರು ಕೆಳಗೆ ಬರುತ್ತದೆ, ಮಳೆಗಾಲ ಬೇಸಿಗೆ ಅಂತಿಲ್ಲ. ಬಳಚು ಎದ್ದು ಓಡುವ ಪ್ರಾಣಿ ಅಲ್ಲ, ನೀರಿನ ಉಪ್ಪು ಹೋದರೆ ಕೂತಲ್ಲೇ ಸಾಯುತ್ತದೆ. ಸಿಗಡಿ ಹಾಗಲ್ಲ. ಮೊಟ್ಟೆ ಇಡುವುದು ಸಮುದ್ರದಲ್ಲಿ, ಕೂದಲೆಳೆಯಂಥ ಮರಿ ಉಬ್ಬರದಲ್ಲಿ ಒಳಗೆ ಬಂದು, ಕೆಲವು ತಿಂಗಳು ಮೇಯ್ದು ದೊಡ್ಡದಾಗಿ ಮತ್ತೆ ಸಮುದ್ರಕ್ಕೆ ಹೋಗುತ್ತದೆ. ಆ ಮರಿಗೆ ಬೇಕಾದ ಸವುಳು (ಅರೆ ಉಪ್ಪು) ನೀರೇ ಇಲ್ಲ ಅಂದ್ರೆ? ಹಿಡಿಯುವುದು ಕುಮಟಾ ಕಡೆಯ ಅಘನಾಶಿನಿ ಹೊಳೆಯಲ್ಲೂ ಕಮ್ಮಿ ಇಲ್ಲ. ಆದರೆ ಆ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ, ಅದಕ್ಕೇ ಅಲ್ಲಿ ಬಳಚು ಇನ್ನೂ ಇದೆ. 2024ರಲ್ಲಿ ರಾಮ್‌ಸಾರ್ ಪಟ್ಟಿಗೂ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ, ಸೇರಿತು.

ದೋಣಿಮನೆ:
ನಮ್ಮ ಅಘನಾಶಿನಿ ಸ್ವರ್ಗ ಅಂತ ಸುಮ್ನೆ ಹೊಗಳಬೇಡಿ ಮಾರಾಯ್ರೆ. ಗಜನಿಯ (ಉಪ್ಪುನೀರು ಬರುವ ಹೊಳೆಬದಿ ಗದ್ದೆಯ) ಜಂತ್ರಡಿ, ಅಂದ್ರೆ ತೂಬಿನ, ಬಾಗಿಲಿಗೆ ಇಳಿತದಲ್ಲಿ ಸಣ್ಣ ಕಣ್ಣಿನ ಬಲೆ ಕಟ್ಟುತ್ತಾರೆ, ಸಿಗಡಿ ಜೊತೆ ಬೆರಳುದ್ದದ ಕುರಡಿ ಮರಿಗಳೂ ಬಂದು ಬೀಳುತ್ತವೆ. ಕುರಡಿ ಅಂದ್ರೆ ಹೋಟೆಲಿನವರ ಸೀಬಾಸ್. ಅದು ಮೊದಲು ಗಂಡು, ಕೆಲವು ವರ್ಷ ಬೆಳೆದ ಮೇಲೆ ಹೆಣ್ಣಾಗುತ್ತದೆ. ಮರಿಯಲ್ಲೇ ಹಿಡಿದರೆ ಮೊಟ್ಟೆ ಇಡುವುದಕ್ಕೆ ಯಾರು ಉಳಿದರು? ನಮ್ಮ ಅಪ್ಪನೂ ಆ ಬಲೆ ಕಟ್ಟಿದವರೇ, ಹಾಗಾಗಿ ಬೇರೆಯವರನ್ನು ಬೈಯುವ ಹಾಗಿಲ್ಲ. ನಿಮ್ಮ ಮಾವ ಪೂರ್ತಿ ತಪ್ಪಲ್ಲ.

ಹೊಳೆಬದಿಯವಳು:
ಅಜ್ಜಿಗೆ ಫೋನ್ ಮಾಡಿ ಕೇಳಿದೆ. ಆಗೆಲ್ಲ ಬೇಸಿಗೆಯಲ್ಲಿ ಹೊಳೆ ನೀರು ಬಾಯಿಗೆ ಹಾಕುವ ಹಾಗಿರಲಿಲ್ಲವಂತೆ, ದನಕ್ಕೂ ಬಾವಿಯಿಂದಲೇ ಸೇದಬೇಕಿತ್ತಂತೆ. ಈಗ ಮನೆಯ ಎಮ್ಮೆ ಏಪ್ರಿಲ್‌ನಲ್ಲೂ ಆ ಹೊಳೆಯಲ್ಲೇ ಕುಡಿದು ಬರುತ್ತದೆ.